ಅಣಬೆ ಚೀಲ ಹಸಿರಾಗದಂತೆ ಬೈಹುಲ್ಲು ಬೇಯಿಸುವುದು ಹೇಗೆ?

ಮಳೆ ಹಿಡಿಯುವ ಹೊತ್ತಿಗೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಎಷ್ಟೋ ಮನೆಗಳ ಹಿಂಬದಿ ಜಗಲಿಯಲ್ಲಿ ಅಣಬೆ ಚೀಲ ನೇತಾಡತೊಡಗುತ್ತವೆ. ತರಬೇತಿಗೆ ಹೋಗಿ ಬಂದ ಹುರುಪು. ಎರಡು ವಾರ ಕಳೆಯುವಷ್ಟರಲ್ಲಿ ಬಹಳಷ್ಟು ಚೀಲಗಳು ಹಸಿರು ಬೂಷ್ಟು ಹಿಡಿದು ತೆಂಗಿನ ಬುಡ ಸೇರಿರುತ್ತವೆ. ಆಮೇಲೆ ಬೈಗುಳವೆಲ್ಲ ಅಣಬೆ ಬೀಜ (ಸ್ಪಾನ್) ಕೊಟ್ಟವರಿಗೆ. ನಾನು ನೋಡಿದ ಮಟ್ಟಿಗೆ ಕೆಟ್ಟಿರುವುದು ಹುಲ್ಲು ಬೇಯಿಸುವ ಕೆಲಸ. ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತೇನೆ. ಉಳಿದದ್ದು ಸುಲಭ.

ಅದಕ್ಕೂ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಅಣಬೆ ಗಿಡವಲ್ಲ. ಅದರಲ್ಲಿ ಪತ್ರಹರಿತ್ತು ಇಲ್ಲ, ಬಿಸಿಲಿನಿಂದ ಅದು ಅಡುಗೆ ಮಾಡಿಕೊಳ್ಳುವುದಿಲ್ಲ. ನಮ್ಮ ಹಾಗೆ ಬೇರೆಯವರು ಮಾಡಿಟ್ಟದ್ದನ್ನು ತಿಂದು ಬದುಕುತ್ತದೆ, ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದರ ಜೀವಕೋಶದ ಗೋಡೆ ಕೈಟಿನ್‌ನದ್ದು; ಏಡಿ, ಸಿಗಡಿಯ ಚಿಪ್ಪಿನಲ್ಲಿರುವುದೂ ಅದೇ. 1969ರಲ್ಲಿ ರಾಬರ್ಟ್ ವಿಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳನ್ನು ಸಸ್ಯಗಳಿಂದ ಹೊರಗಿಟ್ಟು ಪ್ರತ್ಯೇಕ ಸಾಮ್ರಾಜ್ಯ ಕೊಟ್ಟದ್ದು ಸುಮ್ನೆ ಅಲ್ಲ.

ತಿನ್ನುವ ರೀತಿ ಮಾತ್ರ ವಿಚಿತ್ರ. ಅದಕ್ಕೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಕೂದಲಿಗಿಂತ ಎಷ್ಟೋ ಸಪೂರದ ಎಳೆಗಳು ಹುಲ್ಲಿನೊಳಗೆ ನುಗ್ಗುತ್ತವೆ. ತುದಿಯಿಂದ ಕಿಣ್ವ ಸುರಿಸಿ, ಆಹಾರವನ್ನು ಹೊರಗೇ ಕರಗಿಸಿ, ಆ ರಸವನ್ನು ಹೀರುತ್ತವೆ. ನಾವು ಚೀಲದಲ್ಲಿ ಬೆಳೆಸುವ ಚಿಪ್ಪಣಬೆಯ (ಆಯ್‌ಸ್ಟರ್) ಕಿಣ್ವಕ್ಕೆ ಹುಲ್ಲನ್ನು ಗಟ್ಟಿ ಮಾಡುವ ಲಿಗ್ನಿನ್ ಕೂಡ ಕರಗುತ್ತದೆ. ಈ ಎಳೆಗಳ ಬಲೆಯೇ ನಿಜವಾದ ಜೀವಿ. ನಾವು ಪಲ್ಯ ಮಾಡುವ ಕೊಡೆ, ಬೀಜಾಣು ಹಾರಿಸುವುದಕ್ಕಾಗಿ ಅದು ಕೊನೆಗೆ ಹೊರಗೆ ತಳ್ಳುವ ಭಾಗ ಅಷ್ಟೆ.

ಹೊರಗೆ ಕರಗಿಸಿಟ್ಟ ಊಟಕ್ಕೆ ನೆಂಟರು ಜಾಸ್ತಿ, ಅಲ್ವಾ? ಬೈಹುಲ್ಲಿನಲ್ಲಿ ಮೊದಲೇ ಹತ್ತಾರು ಜಾತಿಯ ಬೂಷ್ಟಿನ ಬೀಜಾಣುಗಳು ಕಾದು ಕೂತಿರುತ್ತವೆ. ಚಿಪ್ಪಣಬೆ ನಿಧಾನದ ಜೀವಿ. ಅದು ಹುಲ್ಲು ಹಿಡಿಯುವ ಮೊದಲು ಉಳಿದವರನ್ನು ಸುಮ್ಮನಾಗಿಸಬೇಕು. ಬೇಯಿಸುವುದು ಇದಕ್ಕಾಗಿ.

ಹಂತ 1: ಹುಲ್ಲು. ಹೊಸ ಹುಲ್ಲು, ಹಳದಿ ಬಣ್ಣ, ಒಮ್ಮೆಯೂ ಮಳೆಗೆ ನೆನೆಯದ್ದು. ನಮ್ಮಲ್ಲಿ ಗದ್ದೆಗಳು ಅಡಿಕೆ ತೋಟವಾದ ಮೇಲೆ ಹೆಚ್ಚಿನವರು ಹುಲ್ಲನ್ನು ದುಡ್ಡು ಕೊಟ್ಟೇ ತರುತ್ತಾರೆ. ಕಟ್ಟಿನ ನಡುವೆ ಕೈ ಹಾಕಿ ಮೂಸಿ ನೋಡಿ. ಮುಗ್ಗುಲು ವಾಸನೆ ಬಂದರೆ ದನಕ್ಕೂ ಬೇಡ, ಅಣಬೆಗೂ ಬೇಡ. ತೆಂಗಿನ ಮಡಲಿನ ದಂಟು, ಗೊನೆಯ ಕಸದ ಮೇಲೂ ಚಿಪ್ಪಣಬೆ ಬರುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಇದನ್ನು ಮಾಡಿ ತೋರಿಸಿದ್ದಾರೆ. ಆದರೆ ಮೊದಲ ಸಲದವರು ಬೈಹುಲ್ಲನ್ನೇ ಹಿಡಿಯಿರಿ.

ಹಂತ 2: ನೆನೆಹಾಕಿ. ಮೂರು–ನಾಲ್ಕು ಬೆರಳು ಉದ್ದಕ್ಕೆ ಕತ್ತರಿಸಿ, ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡಿ, ಬೆಳಗ್ಗೆ ಬಸಿಯಿರಿ.

ಹಂತ 3: ಬೇಯಿಸುವುದು. ಇಲ್ಲಿ ಆತುರ ಬೇಡ.

ಹೆಚ್ಚಿನವರು ಮಾಡುವುದೇನೆಂದರೆ, ಬಕೆಟಿಗೆ ಹುಲ್ಲು ತುಂಬಿ ಮೇಲಿಂದ ಕುದಿನೀರು ಹೊಯ್ದು ಮುಚ್ಚಿಡುತ್ತಾರೆ. ತಣ್ಣಗಿನ ಹುಲ್ಲು ಬಿದ್ದ ತಕ್ಷಣ ನೀರಿನ ಬಿಸಿ ಇಳಿಯುತ್ತದೆ, ನೋಡನೋಡುತ್ತ ಸ್ನಾನದ ನೀರಿನ ಹದಕ್ಕೆ ಬರುತ್ತದೆ. ಆ ಹದ ಬೂಷ್ಟಿಗೆ ಹಿತವೇ. ಹುಲ್ಲಿನ ನಡುಭಾಗ 80 ಡಿಗ್ರಿ ಸೆಲ್ಸಿಯಸ್ ದಾಟಬೇಕು, ದಾಟಿ ಅಲ್ಲೇ ನಿಲ್ಲಬೇಕು.

ಬಚ್ಚಲಿನ ಹಂಡೆಯಷ್ಟು ಒಳ್ಳೆಯ ಪಾತ್ರೆ ಇದಕ್ಕೆ ಇನ್ನೊಂದಿಲ್ಲ. ತಳದಲ್ಲಿ ಎರಡು ಇಟ್ಟಿಗೆ ಇಡಿ. ಇಟ್ಟಿಗೆ ಮುಳುಗದಷ್ಟೇ ನೀರು ಹಾಕಿ. ಮೇಲೆ ತೂತಿನ ತಟ್ಟೆ ಇಟ್ಟು, ಹುಲ್ಲು ತುಂಬಿದ ಗೋಣಿಚೀಲವನ್ನು ನಿಲ್ಲಿಸಿ. ತುರುಕಿ ತುಂಬಬೇಡಿ, ಆವಿಗೆ ದಾರಿ ಬೇಕು. ಬಾಯಿಗೆ ಮುಚ್ಚಳ, ಅದರ ಮೇಲೆ ಒದ್ದೆ ಗೋಣಿ. ಒಲೆಗೆ ಮಡಲು, ಗೆರಟೆ ಏನಿದ್ದರೂ ಆದೀತು. ಗಡಿಯಾರ ನೋಡಬೇಕಾದದ್ದು ಬೆಂಕಿ ಹಚ್ಚಿದಾಗ ಅಲ್ಲ. ಗೋಣಿಯ ಸಂದಿಯಿಂದ ಆವಿ ಬುಸುಗುಟ್ಟಿಕೊಂಡು ಬರತೊಡಗಿದಾಗ. ಅಲ್ಲಿಂದ ಒಂದು ಗಂಟೆ. ನಡುವೆ ನೀರು ಆರಿದರೆ ಬಿಸಿನೀರನ್ನೇ ಸೇರಿಸಿ.

ಹುಲ್ಲನ್ನು ಕಾರ್ಬೆಂಡಜಿಮ್ ಮತ್ತು ಫಾರ್ಮಾಲಿನ್ ನೀರಿನಲ್ಲಿ ಅದ್ದಿಡುವ ಅಡ್ಡದಾರಿಯೂ ಇದೆ. ತರಬೇತಿಗಳಲ್ಲೂ ಹೇಳಿಕೊಡುತ್ತಾರೆ, ಸೌದೆ ಉಳಿಯುತ್ತದೆ. ನಾಳೆ ಮಕ್ಕಳಿಗೆ ಬಡಿಸುವ ಪದಾರ್ಥಕ್ಕೆ ಇವತ್ತು ಶಿಲೀಂಧ್ರನಾಶಕ ಹಾಕುವುದು ನನಗೆ ಒಗ್ಗದು. ಆವಿಯೇ ಸಾಕು.

ಇನ್ನು ಆರಿಸುವುದು. ಬೆಂದ ಹುಲ್ಲನ್ನು ಅಡಿಕೆ ಒಣಗಿಸುವ ಅಂಗಳಕ್ಕೆ ಸುರಿದರೆ ಒಂದು ಗಂಟೆಯ ಸೌದೆ ದಂಡ. ಅಲ್ಲಿಯ ಧೂಳಿನಲ್ಲಿ ಇಲ್ಲದ ಬೂಷ್ಟಿಲ್ಲ. ಮುಚ್ಚಿದ ಕೋಣೆಯಲ್ಲಿ, ಡೆಟ್ಟಾಲ್ ನೀರಿನಿಂದ ಒರೆಸಿದ ಟಾರ್ಪಾಲಿನ ಮೇಲೆ ಹರಡಿ. ಫ್ಯಾನ್ ಬೇಡ. ಪೂರ್ತಿ ತಣಿಯಲಿ, ಬಿಸಿ ಹುಲ್ಲಿಗೆ ಬೀಜ ಹಾಕಿದರೆ ಎಳೆಗಳು ಅಲ್ಲೇ ಸಾಯುತ್ತವೆ.

ಕೊನೆಯ ಪರೀಕ್ಷೆ ಕೈಯದ್ದು. ಒಂದು ಹಿಡಿ ಹುಲ್ಲು ತೆಗೆದು ಬಲವಾಗಿ ಹಿಂಡಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಇನ್ನೂ ಹರಡಿಡಿ. ಒಂದು ಹನಿಯೂ ಬೀಳದೆ, ಮುಷ್ಟಿ ಬಿಚ್ಚಿದಾಗ ಅಂಗೈ ಒದ್ದೆಯಾಗಿ ಮಿನುಗಿದರೆ ಅದೇ ಹದ. ಹುಲ್ಲಿನ ಕೊಳವೆಯೊಳಗೆ ನೀರು ನಿಂತರೆ ಎಳೆಗಳಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ. ಆಗ ಬ್ಯಾಕ್ಟೀರಿಯಾ ಸೇರಿ ಚೀಲ ಹುಳಿ ವಾಸನೆ ಹೊಡೆಯುತ್ತದೆ. ಸಂಶಯ ಬಂದರೆ ಒಣಗಿನ ಕಡೆಗೇ ವಾಲಿ.

ಹಂತ 4: ಬೀಜ. ಪೊಟ್ಟಣದಲ್ಲಿರುವುದು ಬೇಯಿಸಿದ ಭತ್ತ ಅಥವಾ ಜೋಳದ ಮೇಲೆ ಹಬ್ಬಿಸಿದ ಎಳೆಗಳು, ಹಾಲಿಗೆ ಹಾಕುವ ಹೆಪ್ಪಿನ ಹಾಗೆ. ಬೆಳ್ಳಗಿರಬೇಕು. ಹಳದಿ ನೀರು ಒಸರಿದ್ದು, ಎಲ್ಲೋ ಒಂದು ಹಸಿರು ಚುಕ್ಕೆ ಕಂಡದ್ದು ಅರ್ಧ ಬೆಲೆಗೆ ಕೊಟ್ಟರೂ ಬೇಡ. 30 x 60 ಸೆಂಟಿಮೀಟರ್ ಪಾಲಿಥೀನ್ ಚೀಲಕ್ಕೆ ನಾಲ್ಕು ಬೆರಳು ದಪ್ಪ ಹುಲ್ಲು, ಅಂಚಿನ ಸುತ್ತ ಒಂದು ಹಿಡಿ ಬೀಜ, ಮತ್ತೆ ಹುಲ್ಲು, ಮತ್ತೆ ಬೀಜ. 5 ಕೆ.ಜಿ. ಹಸಿ ಹುಲ್ಲಿಗೆ ಸುಮಾರು 150 ಗ್ರಾಂ ಸಾಕು. ಒತ್ತಿ ಕಟ್ಟಿ, ಸುತ್ತ ಹದಿನೈದಿಪ್ಪತ್ತು ತೂತು ಮಾಡಿ.

ತೋಟದವರಿಗೆ ಇಲ್ಲೊಂದು ಎಚ್ಚರಿಕೆ. ಕಾಳುಮೆಣಸಿನ ಬಳ್ಳಿಗೆ ಹಾಕಲು ಬೇವಿನ ಹಿಂಡಿಯಲ್ಲಿ ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಬೆರೆಸಿ ಕೊಟ್ಟಿಗೆಯಲ್ಲಿ ಇಟ್ಟಿದ್ದೀರಾ? ಅಣಬೆ ಚೀಲ ಆ ಕಡೆ ಸುಳಿಯಲೇಬಾರದು. ಟ್ರೈಕೋಡರ್ಮಾ ಬೇರೆ ಶಿಲೀಂಧ್ರಗಳ ಎಳೆಗೆ ಸುತ್ತಿಕೊಂಡು ಅವನ್ನೇ ತಿನ್ನುತ್ತದೆ. ಬಳ್ಳಿಯ ಬುಡದಲ್ಲಿ ಅದು ಆಪ್ತಮಿತ್ರ. ಅಣಬೆ ಚೀಲದಲ್ಲಿ ಹಸಿರಾಗಿ ಕಾಣುವ ಕಳ್ಳನೂ ಹೆಚ್ಚಾಗಿ ಅದೇ. ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆದ ಪಂಪಿನಲ್ಲಿ ಅಣಬೆಗೆ ನೀರು ಹಾಕುವವರೂ ಇದ್ದಾರೆ. ಅದರಲ್ಲಿರುವ ತಾಮ್ರಕ್ಕೆ ಬೇಕಾದ ಶಿಲೀಂಧ್ರ, ಬೇಡದ್ದು ಎಂಬ ಭೇದ ಗೊತ್ತಿಲ್ಲ. ತಮಾಷೆಯೆಂದರೆ, ನಾವು ಬೋರ್ಡೋ ಹೊಡೆಯುವ ಅಡಿಕೆ ಕೊಳೆರೋಗವನ್ನು ತರುವ ಫೈಟಾಫ್ಥೊರಾ ನಿಜವಾದ ಶಿಲೀಂಧ್ರವೇ ಅಲ್ಲ. ಅದರ ಗೋಡೆಯಲ್ಲಿ ಸೆಲ್ಯುಲೋಸ್ ಇದೆ, ಪಾಚಿಗಳ ಕಡೆಯ ನೆಂಟ.

ಹಂತ 5: ಕತ್ತಲಲ್ಲಿ ಬಿಡಿ. 15ರಿಂದ 20 ದಿನ. ದಿನಾ ಬಿಚ್ಚಿ ನೋಡಬೇಡಿ. ಮೊದಲು ಬೀಜದ ಸುತ್ತ ಬಿಳಿ ವೃತ್ತ, ಆಮೇಲೆ ವೃತ್ತಗಳು ಕೂಡಿಕೊಂಡು ಇಡೀ ಚೀಲ ಬಿಳಿ. ಒಂದು ಚೀಲ ಹಸಿರಾದರೆ ಬಿಚ್ಚದೆ ಹಾಗೇ ದೂರ ಒಯ್ದು ಹೂತುಬಿಡಿ. ಕೋಣೆಯೊಳಗೆ ಬಿಚ್ಚಿದರೆ ಉಳಿದವಕ್ಕೂ ಬೀಜಾಣು ಹಂಚಿದ ಹಾಗೆ.

ಹಂತ 6: ಬೆಳಕು, ಗಾಳಿ, ತೇವ. ಚೀಲವನ್ನು ಸೀಳಿ, ಅಕ್ಷರ ಓದುವಷ್ಟು ಬೆಳಕಿರುವ ಕಡೆ ತೂಗುಹಾಕಿ. ಕಿಟಕಿ ತೆರೆದಿಡಿ. ಉದ್ದ ದಂಟು, ಸಣ್ಣ ಕೊಡೆ ಬಂದರೆ ಅಣಬೆ ತಾನೇ ಬಿಟ್ಟ ಇಂಗಾಲದ ಡೈಆಕ್ಸೈಡ್ ಕೋಣೆಯಲ್ಲಿ ಕಟ್ಟಿಕೊಂಡಿದೆ ಎಂದರ್ಥ. ಗೊಬ್ಬರ ಹಾಕಲು ಹೋಗಬೇಡಿ. ನಮ್ಮ ಆಟಿ ಮಳೆಯಲ್ಲಿ ನೀರು ಸಿಂಪಡಿಸುವ ಅಗತ್ಯವೇ ಕಡಿಮೆ. ಮಳೆ ಬಿಟ್ಟ ಮೇಲೆ ದಿನಕ್ಕೆರಡು ಸಲ ಸಾಕು. ಮಾರ್ಚಿನ ಸೆಖೆಗೆ ಚಿಪ್ಪಣಬೆ ಸೋಲುತ್ತದೆ, ಆಗ ಹಾಲಣಬೆ ಹಾಕಿ.

"ಇಷ್ಟೆಲ್ಲ ಯಾಕೆ, ಗುಡ್ಡದ ಹುತ್ತದಲ್ಲಿ ಏಳುವುದನ್ನೇ ಬೆಳೆಸಬಾರದಾ ಅಕ್ಕಾ?" ಎಂದು ಕೇಳುವವರು ಪ್ರತಿ ತರಬೇತಿಯಲ್ಲೂ ಒಬ್ಬರು ಇರುತ್ತಾರೆ. ರುಚಿ ಅದರದ್ದೇ, ಒಪ್ಪಿದೆ. ಆದರೆ ಅದನ್ನು ಬೆಳೆಸುವ ರೈತ ಗೆದ್ದಲು. ಹುತ್ತದೊಳಗೆ ಜಗಿದ ಎಲೆ, ಕಟ್ಟಿಗೆಯ ತೋಟ ಮಾಡಿ ಆ ಶಿಲೀಂಧ್ರವನ್ನು ಸಾಕುತ್ತದೆ. ಗೆದ್ದಲನ್ನು ಬಿಟ್ಟು ಅದು ನಮ್ಮ ಚೀಲಕ್ಕೆ ಬರುವುದಿಲ್ಲ.

ಹಂತ 7: ಕೊಯ್ಲು. ಮೊಗ್ಗು ಕಂಡು ಮೂರು–ನಾಲ್ಕು ದಿನಕ್ಕೆ, ಕೊಡೆಯ ಅಂಚು ಇನ್ನೂ ಕೆಳಗೆ ಬಾಗಿರುವಾಗಲೇ ಬುಡ ಹಿಡಿದು ತಿರುಚಿ ಕೀಳಿ. ಅಂಚು ಮೇಲೆದ್ದರೆ ಬೀಜಾಣು ಉದುರತೊಡಗುತ್ತದೆ. ಮುಚ್ಚಿದ ಕೋಣೆಯಲ್ಲಿ ಆ ಪುಡಿ ಉಸಿರಿಗೆ ಹೋದರೆ ಕೆಲವರಿಗೆ ಕೆಮ್ಮು, ಜ್ವರ ಬರುತ್ತದೆ. ಚೀಲ ಜಾಸ್ತಿ ಇಟ್ಟವರು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ.

ವಾರ, ಹತ್ತು ದಿನದ ಅಂತರದಲ್ಲಿ ಮೂರು ಕೊಯ್ಲು ಸಿಗುತ್ತದೆ. ಒಂದು ಕೆ.ಜಿ. ಒಣ ಹುಲ್ಲಿಗೆ ಒಟ್ಟು ಅರ್ಧದಿಂದ ಮುಕ್ಕಾಲು ಕೆ.ಜಿ. ಅಣಬೆ ಬಂದರೆ ಚೆನ್ನಾಗಿ ಬಂದಿದೆ ಎಂದು ತಿಳಿಯಿರಿ. ನಾಲ್ಕನೆಯದಕ್ಕೆ ಆಸೆಪಟ್ಟು ಹಳೆ ಚೀಲ ಇಟ್ಟುಕೊಂಡರೆ ನೊಣ ಸೇರುತ್ತದೆ. ಹುಲ್ಲನ್ನು ಎರೆಹುಳದ ತೊಟ್ಟಿಗೆ ಹಾಕಿ, ಕೋಣೆ ತೊಳೆದು ಎರಡು ದಿನ ಖಾಲಿ ಬಿಟ್ಟು, ಆಮೇಲೆ ಹಂಡೆ ಒಲೆಗೇರಿಸಿ.