ಮೆಡಿಕೇರೋ, ಮೆಡಿಕೇಡೋ? ಅಮೆರಿಕಕ್ಕೆ ಹೊರಟ ಅಪ್ಪ-ಅಮ್ಮ ತಿಳಿಯಬೇಕಾದ ಲೆಕ್ಕ

ಮಕ್ಕಳು ಅಮೆರಿಕದಲ್ಲಿದ್ದಾರೆ, ನಿಮಗೂ ಗ್ರೀನ್ ಕಾರ್ಡ್ ಬಂದಿದೆ. ‘ಅಲ್ಲಿ ವಯಸ್ಸಾದವರ ಆಸ್ಪತ್ರೆ ಖರ್ಚು ಸರ್ಕಾರದ್ದೇ ಅಂತೆ’ ಎಂದು ಯಾರೋ ಹೇಳಿರುತ್ತಾರೆ. ಅದನ್ನು ನಂಬಿ ಸುಮ್ನೆ ವಿಮಾನ ಹತ್ತಬೇಡಿ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ಮೆಡಿಕೇರ್, ಮೆಡಿಕೇಡ್ ಎರಡೂ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಯೋಜನೆಗಳು. ಎರಡೂ ಹುಟ್ಟಿದ್ದು 1965ರಲ್ಲಿ, ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಒಂದೇ ಸಹಿಯಿಂದ. ಮೆಡಿಕೇರ್ ಮುಖ್ಯವಾಗಿ ನೋಡುವುದು ವಯಸ್ಸನ್ನು: 65 ತುಂಬಿರಬೇಕು. ಮೆಡಿಕೇಡ್ ನೋಡುವುದು ಆದಾಯವನ್ನು: ಅದು ಕಡಿಮೆ ಇರಬೇಕು. ಇದನ್ನು ನಡೆಸುವುದು ಆಯಾ ರಾಜ್ಯ. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿದ್ದು ಟೆಕ್ಸಾಸ್‌ನಲ್ಲಿ ಸಿಗದೇ ಇರಬಹುದು.

ಆಮೇಲೆ ಮೆಡಿಕೇರ್‌ನ ಅಕ್ಷರಮಾಲೆ. ಎ ಅಂದರೆ ಆಸ್ಪತ್ರೆಗೆ ದಾಖಲಾದಾಗಿನ ಖರ್ಚು. ಬಿ ಅಂದರೆ ಡಾಕ್ಟರ್ ಫೀಸು, ಪರೀಕ್ಷೆಗಳು. ಡಿ ಅಂದರೆ ಮಾತ್ರೆ-ಔಷಧಿ. ಸಿ ಅಂದರೆ ಇವನ್ನು ಒಟ್ಟು ಸೇರಿಸಿ ಖಾಸಗಿ ಕಂಪನಿಗಳು ಕೊಡುವ ಪ್ಲಾನ್.

ಪುಕ್ಕಟೆ ಅಂದುಕೊಂಡಿರಾ? ನೀವೋ ನಿಮ್ಮ ಗಂಡ ಅಥವಾ ಹೆಂಡತಿಯೋ ಅಲ್ಲಿ ಸುಮಾರು ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದ್ದರೆ ಮಾತ್ರ ಎ ಭಾಗಕ್ಕೆ ಕಂತಿಲ್ಲ. ಮಗ ಕಟ್ಟಿದ ತೆರಿಗೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಎಡವುವುದು ಇಲ್ಲೇ. ಹಾಗೆ ದುಡಿಯದವರು ಕಂತು ಕಟ್ಟಿ ಕೊಳ್ಳಬೇಕು. 2025ರಲ್ಲಿ ಎ ಭಾಗಕ್ಕೆ ತಿಂಗಳಿಗೆ 518 ಡಾಲರ್‌ವರೆಗೆ ಇತ್ತು, ಬಿ ಭಾಗಕ್ಕೆ ಸಾಮಾನ್ಯವಾಗಿ 185. ಹೀಗೆ ಕೊಳ್ಳುವುದಕ್ಕೂ, ಗ್ರೀನ್ ಕಾರ್ಡ್‌ನವರು ಅರ್ಜಿ ಹಾಕುವ ಮುಂಚೆ ಸತತ ಐದು ವರ್ಷ ಅಲ್ಲೇ ನೆಲೆಸಿರಬೇಕು. ಮೆಡಿಕೇಡ್‌ಗೂ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಕೆಲವು ರಾಜ್ಯಗಳು ಮಾತ್ರ ಸ್ವಂತ ದುಡ್ಡಿನಲ್ಲಿ ಅದಕ್ಕೂ ಮುಂಚೆ ಕೊಡುತ್ತವೆ. ಅಲ್ಲಿಯವರೆಗೆ ಖಾಸಗಿ ವಿಮೆ ಬೇಕೇ ಬೇಕು. ಮಗಳ ಬಾಣಂತನಕ್ಕೆಂದು ವಿಸಿಟರ್ ವೀಸಾದಲ್ಲಿ ಹೋಗುವವರಿಗಂತೂ ಮೆಡಿಕೇರ್ ಇಲ್ಲವೇ ಇಲ್ಲ. ಪ್ರಯಾಣದ ವಿಮೆ ಮಾಡಿಸಿಯೇ ಹೊರಡಿ.

ಮುಂದಿನದು ತಾರೀಖು. ಮೊದಲೇ ಅರ್ಹರಾಗಿದ್ದವರಿಗೆ 65 ತುಂಬುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು, ಒಟ್ಟು ಏಳು ತಿಂಗಳಲ್ಲಿ ಹೆಸರು ಬರೆಸಬೇಕು. ತಡಮಾಡಿದರೆ ಬಿ ಭಾಗದ ಕಂತು ಪ್ರತಿ ಪೂರ್ತಿ ವರ್ಷಕ್ಕೆ ಶೇ 10ರಂತೆ ಏರುತ್ತದೆ. ಈ ದಂಡ ಒಂದು ಸಲ ಕಟ್ಟಿ ಮುಗಿಯುವಂಥದ್ದಲ್ಲ, ಸಾಮಾನ್ಯವಾಗಿ ಬಿ ಭಾಗ ಇರುವಷ್ಟು ಕಾಲವೂ ಕಂತಿನ ಜೊತೆ ಬರುತ್ತದೆ.

ಇನ್ನೊಂದು ಮಾತು. ಹಲ್ಲು, ಕನ್ನಡಕ, ಕಿವಿಯ ಮಿಷನ್ನು, ವರ್ಷಗಟ್ಟಲೆ ನರ್ಸಿಂಗ್ ಹೋಮ್ ವಾಸ, ಇವನ್ನು ಮಾಮೂಲಿ ಮೆಡಿಕೇರ್ ಹೆಚ್ಚುಕಡಿಮೆ ಕೊಡುವುದಿಲ್ಲ. ಊರಿಗೆ ಬಂದಾಗ ಮಾಡಿಸಿದ ಚಿಕಿತ್ಸೆಯ ಬಿಲ್ಲೂ ಅಷ್ಟೆ.

ಮೆಡಿಕೇರ್‌ಗೆ ಅರ್ಜಿ ಹಾಕುವುದು ಅಲ್ಲಿನ ಪಿಂಚಣಿ ನೋಡಿಕೊಳ್ಳುವ ಸೋಷಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ. ‘ಶಿಪ್’ ಎಂಬ ಸರ್ಕಾರಿ ಸಲಹಾ ಸೇವೆ ಪ್ರತಿ ರಾಜ್ಯದಲ್ಲೂ ಇದೆ, ದುಡ್ಡು ಕೇಳುವುದಿಲ್ಲ. ಅರ್ಜಿ ಹಾಕಲು ಹೋಗುವಾಗ ಹಳೇ ಪಾಸ್‌ಪೋರ್ಟ್‌ಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಐದು ವರ್ಷದಲ್ಲಿ ಊರಿಗೆ ಎಷ್ಟು ಸಲ ಬಂದಿರಿ, ಎಷ್ಟು ತಿಂಗಳು ಕೂತಿರಿ ಎಂದು ಕೇಳಿದರೆ ಅದರೊಳಗಿನ ಮೊಹರುಗಳೇ ಉತ್ತರ.