ಬಂದದ್ದೆಷ್ಟು, ಕ್ಯಾಟಲಾಗ್ ಆದದ್ದೆಷ್ಟು: ಅಪರೂಪದ ಪುಸ್ತಕಗಳ ವರ್ಷದ ಲೆಕ್ಕ

ಮಾರ್ಚ್ 31 ಹತ್ತಿರ ಬಂತೆಂದರೆ ನಮ್ಮ ವಿಭಾಗದಲ್ಲಿ ಎರಡು ಪ್ರಶ್ನೆಗೆ ಉತ್ತರ ತಯಾರಿರಬೇಕು. ಈ ವರ್ಷ ಹೊಸದಾಗಿ ಏನೇನು ಬಂತು? ಎಷ್ಟು ಕ್ಯಾಟಲಾಗ್ ಆಯ್ತು? ಸಾಮಾನ್ಯ ಲೈಬ್ರರಿಯಾದರೆ ಬಂದ ಪುಸ್ತಕಕ್ಕೆಲ್ಲ ಕ್ರಮವಾಗಿ ನಂಬರ್ ಕೊಟ್ಟು ಬರೆಯುವ ಆಕ್ಸೆಷನ್ ರಿಜಿಸ್ಟರಿನ ಕೊನೆಯ ನಂಬರಿನಿಂದ ಹೋದ ವರ್ಷದ ಕೊನೆಯ ನಂಬರ್ ಕಳೆದರೆ ಮೊದಲನೆಯದಕ್ಕೆ ಹೆಚ್ಚುಕಮ್ಮಿ ಉತ್ತರ ಸಿಗುತ್ತದೆ. ಬೆಂಗಳೂರಿನ ನಮ್ಮ ಈ ಅಪರೂಪದ ಸಂಗ್ರಹದಲ್ಲಿ ಹಾಗಾಗುವುದಿಲ್ಲ. ಇಲ್ಲಿ ಹಳೇ ಮುದ್ರಿತ ಪುಸ್ತಕ ಇದೆ, ಓಲೆಗರಿ ಕಟ್ಟು ಇದೆ, ಬಟ್ಟೆಯ ಮೇಲೆ ಬರೆದು ಮಡಿಸಿಟ್ಟ ಕಡತ ಇದೆ, ಹಳೇ ಮನೆ ಖಾಲಿ ಮಾಡುವಾಗ ಯಾರೋ ತಂದುಕೊಟ್ಟ ಪತ್ರಗಳ ಪೆಟ್ಟಿಗೆ ಇದೆ. ಎಲ್ಲವನ್ನೂ ‘ಪುಸ್ತಕ’ ಅಂತ ಕೂಡಿಸಿದರೆ ಬರುವ ಮೊತ್ತದಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಅದಕ್ಕೇ ನಾನು ಎಣಿಸುವ ಮೊದಲು ಯಾವುದನ್ನು ‘ಒಂದು’ ಅನ್ನುತ್ತೇನೆ ಎಂದು ಒಂದು ಹಾಳೆಯಲ್ಲಿ ಬರೆದಿಡುತ್ತೇನೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಈ ಹಾಳೆ.

ಬಿ.ಎಲ್. ರೈಸ್ ಕಾಲದ ಶಾಸನಗಳ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ವನ್ನೇ ನೋಡಿ. 12 ಸಂಪುಟ. ಸೆಟ್ಟಿಗೆಲ್ಲ ಸೇರಿ ಒಂದೇ ರೆಕಾರ್ಡ್, ಅಂದರೆ ಕ್ಯಾಟಲಾಗಿನಲ್ಲಿ ಒಂದೇ ನಮೂದು, ಮಾಡಿದರೆ ಶೀರ್ಷಿಕೆ ಒಂದು. ಸಂಪುಟಕ್ಕೊಂದು ರೆಕಾರ್ಡ್ ಮಾಡಿದರೆ ಹನ್ನೆರಡು. ಕಪಾಟಿನಲ್ಲಿರುವುದು ಅವೇ ಪುಸ್ತಕಗಳು, ಆದರೆ ಲೆಕ್ಕ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಇದರ ಉಲ್ಟಾ ಕೂಡ ಇದೆ. ಹಿಂದಿನವರು ಸಣ್ಣ ಸಣ್ಣ ಪುಸ್ತಿಕೆಗಳನ್ನು ಸೇರಿಸಿ ಒಂದೇ ರಟ್ಟಿನಲ್ಲಿ ಬೈಂಡ್ ಮಾಡಿಸುತ್ತಿದ್ದರು. ಬೆನ್ನಿನ ಮೇಲೆ ಮೊದಲನೆಯದರ ಹೆಸರು ಮಾತ್ರ. ಒಳಗೆ ತಿರುವಿದರೆ ಒಂದು ಶತಕ, ಒಂದು ಯಕ್ಷಗಾನ ಪ್ರಸಂಗ, ಒಂದು ಶಾಲಾ ವ್ಯಾಕರಣ. ಆಕ್ಸೆಷನ್ ನಂಬರ್ ಒಂದೇ, ಕೃತಿ ಮೂರು. ನಾನು ಮೂರಕ್ಕೂ ಬೇರೆ ಬೇರೆ ರೆಕಾರ್ಡ್ ಮಾಡಿ, ಯಾವುದು ಯಾವುದರ ಜೊತೆ ಬೈಂಡ್ ಆಗಿದೆ ಅಂತ ರೆಕಾರ್ಡಿನ 501ನೇ ಖಾನೆಯಲ್ಲಿ, ಅಂದರೆ ಅದಕ್ಕೆಂದೇ ಇರುವ ಟಿಪ್ಪಣಿಯ ಜಾಗದಲ್ಲಿ ಬರೆಯುತ್ತೇನೆ. ಆದ್ದರಿಂದ ನಮ್ಮ ಪಟ್ಟಿಯಲ್ಲಿ ಶೀರ್ಷಿಕೆಗೆ ಒಂದು ಕಾಲಂ, ಸಂಪುಟಕ್ಕೆ ಇನ್ನೊಂದು. ಎರಡನ್ನೂ ಎಂದೂ ಕೂಡಿಸುವುದಿಲ್ಲ.

ಓಲೆಗರಿಯದು ಇನ್ನೂ ಕಷ್ಟ. ಮರದ ಪಟ್ಟಿ ಬಿಚ್ಚಿ, ದಾರ ಸಡಿಲಿಸಿ, ಗರಿ ಒಂದೊಂದೇ ಸರಿಸಿ ನೋಡಬೇಕು. ಒಂದು ಕಾವ್ಯದ ನಡುವಿನ ಭಾಗ ಇರುತ್ತದೆ, ಆಮೇಲೆ ಅಳತೆಯೇ ಬೇರೆಯಾದ ಕೆಲವು ವೈದ್ಯದ ಗರಿ, ಕೊನೆಗೆ ಮನೆಯ ದವಸದ ಲೆಕ್ಕ. ಕೆಲವು ಗರಿಯ ಅಂಚಿನಲ್ಲಿ ಅಂಕಿ ಇರುತ್ತದೆ, ಕೆಲವು ಕಡೆ ಹುಳು ತಿಂದು ಅಂಕಿಯೇ ಇರುವುದಿಲ್ಲ. ಇಲ್ಲಿ ನಾನು ಮೂರು ಎಣಿಕೆ ಇಡುತ್ತೇನೆ: ಕಟ್ಟು, ಕೃತಿ, ಗರಿ. ಕಟ್ಟು ಬಂದ ದಿನವೇ ಗೊತ್ತಾಗುತ್ತದೆ. ಗರಿ ಎಣಿಸಲು ತಾಳ್ಮೆ ಇದ್ದರೆ ಸಾಕು. ಕೃತಿ ಎಷ್ಟು ಅನ್ನುವುದಕ್ಕೆ ಹಳೇ ಲಿಪಿ ಓದಲು ಬರುವವರು ಬೇಕು. ಅವರು ಸಿಗುವವರೆಗೆ ಆ ಕಾಲಂ ಖಾಲಿ ಬಿಡುತ್ತೇನೆಯೇ ಹೊರತು ಅಂದಾಜು ತುಂಬುವುದಿಲ್ಲ. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಕಡತಕ್ಕೂ ಹೀಗೇ, ಗರಿಯ ಬದಲು ಮಡಿಕೆ ಎಣಿಸುತ್ತೇನೆ.

ಪತ್ರಗಳ ಪೆಟ್ಟಿಗೆಗೆ ಎಣಿಕೆಯೇ ಬೇಡ, ಟೇಪು ಹಿಡಿದು ಕಪಾಟಿನಲ್ಲಿ ಎಷ್ಟು ಉದ್ದ ಹಿಡಿಯಿತು ಅಂತ ಮೀಟರಿನಲ್ಲಿ ಅಳೆದರೆ ಸಾಕು. ಅಮೆರಿಕದ ದಾಖಲೆಗಾರರೂ ಅಪರೂಪದ ಪುಸ್ತಕಗಳ ಗ್ರಂಥಪಾಲಕರೂ ಸೇರಿ 2019ರಲ್ಲಿ ತಂದ ಮಾರ್ಗಸೂಚಿಯೂ ಶೀರ್ಷಿಕೆಯ ಎಣಿಕೆಯನ್ನೂ ಜಾಗದ ಅಳತೆಯನ್ನೂ ಬೇರೆ ಬೇರೆ ಇಡುತ್ತದೆ. ನಮಗೂ ಅದು ಹೊಂದುತ್ತದೆ.

ಇನ್ನು ಕಂಪ್ಯೂಟರ್. ನಾವು ಬಳಸುವುದು ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರ್. ಅದರ ರಿಪೋರ್ಟ್ಸ್‌ನಲ್ಲಿ ಬೇಕಾದ ಮಾಹಿತಿ ಹುಡುಕಿ ಕೊಡುವ ಒಂದು ಎಸ್‌ಕ್ಯೂಎಲ್ ಆದೇಶ ಬರೆದಿಟ್ಟರೆ ಪ್ರತಿವರ್ಷ ತಾರೀಕು ಬದಲಿಸಿದರೆ ಸಾಕು. ಆದರೆ ಯಾವ ತಾರೀಕು ಅನ್ನುವುದರಲ್ಲೇ ಎಲ್ಲ ಇದೆ. ಪುಸ್ತಕ ಬಂದ ದಿನ ಐಟಂನಲ್ಲಿ, ಅಂದರೆ ಒಂದೊಂದು ಪ್ರತಿಯ ವಿವರದಲ್ಲಿ, 952ನೇ ಖಾನೆಯ ‘ಡಿ’ ಸಬ್‌ಫೀಲ್ಡಿನಲ್ಲಿ ಇರುತ್ತದೆ. ಬೆಳವಣಿಗೆ ಎಣಿಸಲು ಅದೇ ಸರಿ. ರೆಕಾರ್ಡ್ ಹುಟ್ಟಿದ ದಿನವನ್ನು ಕೋಹಾ ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಕ್ಯಾಟಲಾಗ್ ಕೆಲಸ ಎಣಿಸಲು ಅದು. ಕೊನೆಯ ಸಲ ತಿದ್ದಿದ ಸಮಯ ಹೇಳುವ ಟೈಮ್‌ಸ್ಟಾಂಪನ್ನು ಮಾತ್ರ ಇದಕ್ಕೆ ಬಳಸಬಾರದು. ಒಂದು ಅಕ್ಷರ ತಿದ್ದಿದರೂ ಅದು ಬದಲಾಗುತ್ತದೆ. ಪುಸ್ತಕ ಎಲ್ಲಿದೆ ಅಂತ ಹೇಳುವ ಲೊಕೇಶನ್ ಕೋಡನ್ನು ಎಲ್ಲಕ್ಕೂ ಒಟ್ಟಿಗೇ ಬದಲಿಸಿದ ವರ್ಷ ಇಡೀ ವಿಭಾಗವೇ ಹೊಸದಾಗಿ ಬಂದಂತೆ ಕಾಣುತ್ತದೆ. ಡಿಲೀಟ್ ಮಾಡಿದ ಐಟಂಗಳು ಇನ್ನೊಂದು ಟೇಬಲ್ಲಿಗೆ ಹೋಗಿರುತ್ತವೆ. ಅದನ್ನೂ ನೋಡದಿದ್ದರೆ ಹೋದದ್ದರ ಲೆಕ್ಕ ಸಿಗುವುದಿಲ್ಲ.

ಹಳೇ ಕ್ಯಾಟಲಾಗ್ ಕಾರ್ಡುಗಳನ್ನು ಕೋಹಾಗೆ ಹಾಕುವ ಕೆಲಸವೂ ಜೊತೆಜೊತೆಗೇ ನಡೆಯುತ್ತಿರುತ್ತದೆ. ದಶಕಗಳ ಹಿಂದೆ ಬಂದ ಪುಸ್ತಕಕ್ಕೆ ಈ ವರ್ಷ ರೆಕಾರ್ಡ್ ಆಗುತ್ತದೆ. ಅದು ಕೆಲಸ ಹೌದು, ಬೆಳವಣಿಗೆ ಅಲ್ಲ. ಹಾಗೆಯೇ ಸಾಮಾನ್ಯ ವಿಭಾಗದ ರ‍್ಯಾಕಿನಲ್ಲಿ ಸುಮ್ನೆ ನಿಂತಿದ್ದ 1890ರ ದಶಕದ ಪುಸ್ತಕವೊಂದನ್ನು ನಮ್ಮ ಕಡೆಗೆ ತಂದರೆ ವಿಭಾಗ ಬೆಳೆಯಿತು, ಲೈಬ್ರರಿ ಬೆಳೆಯಲಿಲ್ಲ. ಖರೀದಿ, ದಾನ, ವರ್ಗಾವಣೆ ಈ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸುವುದು ಅದಕ್ಕೇ.

“ಒಟ್ಟು ಎಷ್ಟಾಯ್ತು ಹೇಳಿ ಮೇಡಂ, ಒಂದೇ ನಂಬರ್ ಸಾಕು” ಅಂತ ಮೇಲಿನವರು ಪ್ರತಿವರ್ಷ ಕೇಳುತ್ತಾರೆ. ಅವರ ವರದಿಯಲ್ಲಿ ನಮಗೆ ಇರುವುದು ಒಂದೇ ಸಾಲು, ಅದೂ ನಿಜ. “ಸಾರ್, ಒಂದು ನಂಬರ್ ಕೊಡ್ತೀನಿ, ಸಂಪುಟದ್ದು. ಆದ್ರೆ ಕೆಳಗೆ ಬಾಕಿ ಎಷ್ಟು ಅನ್ನೋದೂ ಇರ್ಲಿ” ಅನ್ನುತ್ತೇನೆ.

ಈ ಬಾಕಿಯ ಕಾಲಂ ಬಗ್ಗೆ ನಾನು ಹಟ ಹಿಡಿಯುತ್ತೇನೆ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರ ತಮ್ಮ ಐದು ಸೂತ್ರಗಳಲ್ಲಿ ಕೊನೆಯದಾಗಿ ಗ್ರಂಥಾಲಯವನ್ನು ಬೆಳೆಯುವ ಜೀವಿ ಎಂದರು. 1962ರಲ್ಲಿ ಅವರು ಕಟ್ಟಿದ ತರಬೇತಿ ಕೇಂದ್ರ ನಮ್ಮ ಊರಲ್ಲೇ ಇದೆ, ಈ ಸೂತ್ರ ಗೊತ್ತಿಲ್ಲದ ಲೈಬ್ರರಿಯವರು ಇಲ್ಲಿ ಇಲ್ಲ. ಆದರೆ ಅವರ ಮೊದಲ ಸೂತ್ರ, ಪುಸ್ತಕ ಇರುವುದು ಬಳಸುವುದಕ್ಕೆ ಅನ್ನುವುದು. ಕ್ಯಾಟಲಾಗ್ ಆಗದ ಓಲೆಗರಿ ಕಟ್ಟನ್ನು ಯಾರು ಬಳಸುತ್ತಾರೆ? ಅದು ನಮ್ಮಲ್ಲಿದೆ ಅಂತಲೇ ಸಂಶೋಧಕರಿಗೆ ಗೊತ್ತಾಗುವುದಿಲ್ಲ ಅಲ್ವಾ? ದಾನ ಜಾಸ್ತಿ ಬಂದ ವರ್ಷ ಬೆಳವಣಿಗೆಯ ಅಂಕಿ ಚೆನ್ನಾಗಿ ಕಾಣುತ್ತದೆ, ಬಾಕಿಯೂ ಅಷ್ಟೇ ಏರಿರುತ್ತದೆ. ಎರಡೂ ಒಂದೇ ಹಾಳೆಯಲ್ಲಿ ಇದ್ದರೆ ಮಾತ್ರ ಓದುವವರಿಗೆ ನಿಜ ಸ್ಥಿತಿ ಕಾಣುತ್ತದೆ.

ಬಾಕಿ ಲೆಕ್ಕ ಹಾಕುವುದು ಸುಲಭ. ಹೋದ ವರ್ಷದ ಬಾಕಿಗೆ ಈ ವರ್ಷ ಬಂದದ್ದನ್ನು ಕೂಡಿಸಿ, ಕ್ಯಾಟಲಾಗ್ ಆದದ್ದನ್ನು ಕಳೆಯುವುದು. ಆದರೆ ಸಂಪುಟ, ಕಟ್ಟು, ಪೆಟ್ಟಿಗೆ ಮೂರಕ್ಕೂ ಬೇರೆ ಬೇರೆ ಮಾಡಬೇಕು. ಆಮೇಲೆ ಕಪಾಟಿಗೆ ಹೋಗಿ ಕೆಂಪು ಚೀಟಿ ಇರುವವನ್ನು ಕೈಯಾರೆ ಎಣಿಸಿ ತಾಳೆ ನೋಡುತ್ತೇನೆ. ನಮ್ಮಲ್ಲಿ ಕ್ಯಾಟಲಾಗ್ ಆಗದ್ದಕ್ಕೆ ಕೆಂಪು ಚೀಟಿ. ತಾಳೆಯಾಗದಿದ್ದರೆ ವರದಿ ಕಳಿಸುವುದಿಲ್ಲ.

ಕೆಲವು ವರ್ಷದ ಬಾಕಿಯ ಅಂಕಿಗಳನ್ನು ಒಟ್ಟಿಗೆ ಇಟ್ಟು ತೋರಿಸಿದ ಮೇಲೆ ಓಲೆಗರಿ ಓದಬಲ್ಲ ಒಬ್ಬರನ್ನು ಗುತ್ತಿಗೆ ಮೇಲೆ ತೆಗೆದುಕೊಳ್ಳಲು ಒಪ್ಪಿಗೆ ಸಿಕ್ಕಿತು. ಕೃತಿಯ ಕಾಲಂ ಈಗ ನಿಧಾನವಾಗಿ ತುಂಬುತ್ತಿದೆ. ಮುಂದಿನ ವರದಿಗೆ ಕಡತಗಳ ಬಾಕಿಯನ್ನೂ ಹೀಗೇ ವರ್ಷವಾರು ಜೋಡಿಸುತ್ತಿದ್ದೇನೆ.