ಹಾಲಾದರೂ ಕುಡೀತಾಳಲ್ಲ, ಬಿಡು

ನನ್ನ ಮಗಳಿಗೆ ಒಂದೂವರೆ ವರ್ಷವಾಗಿದ್ದಾಗ ಒಂದು ಬಟ್ಟಲು ಅನ್ನ ತಿನ್ನಿಸೋಕೆ ಮೂರು ಜನ ಬೇಕಾಗುತ್ತಿತ್ತು. ಅತ್ತೆ ಬಾಲ್ಕನಿಯಲ್ಲಿ ನಿಂತು ಕಾಗೆ ಕರೆಯುತ್ತಿದ್ದರು, ನಮ್ಮನೆಯವರು ಮೊಬೈಲಿನಲ್ಲಿ ಹಾಡು ಹಾಕಿ ಹಿಡಿದುಕೊಳ್ಳುತ್ತಿದ್ದರು, ಅವಳು ಮೈಮರೆತು ಬಾಯಿ ಬಿಟ್ಟ ಹೊತ್ತು ನೋಡಿ ನಾನು ತುತ್ತು ತುರುಕುತ್ತಿದ್ದೆ. ಅದನ್ನೂ ಕೆನ್ನೆಯಲ್ಲಿ ಇಟ್ಟುಕೊಂಡು ಅರ್ಧ ಗಂಟೆ ಕೂರೋಳು. ಆಮೇಲೆ ನನ್ನ ನೈಟಿ ಮೇಲೆ ಉಗಿಯೋಳು.

ಆರು ತಿಂಗಳಿಗೆ ರಾಗಿ ಸರಿ ಶುರು ಮಾಡಿದಾಗ ಬಟ್ಟಲು ಬಳಿದು ತಿಂದ ಮಗು ಇದೇನಾ ಅನ್ನಿಸುತ್ತಿತ್ತು. ದೃಷ್ಟಿ ತೆಗೆದಾಯಿತು. ಜಂತುಹುಳದ ಮಾತ್ರೆ ಅಂಗನವಾಡಿಯಲ್ಲೇ ಕೊಟ್ಟಿದ್ದರು. ಪಕ್ಕದ ಮನೆಯವರು ಹೇಳಿದ ಹಸಿವಿನ ಟಾನಿಕ್ಕೂ ಒಂದು ಬಾಟಲಿ ಖಾಲಿಯಾಯಿತು. ರಾತ್ರಿ ನಾನು ಅಳುಮುಖ ಮಾಡಿಕೊಂಡು ಕೂತರೆ ಅತ್ತೆ ಸಮಾಧಾನ ಹೇಳೋರು, ‘ಹಾಲಾದರೂ ಕುಡೀತಾಳಲ್ಲ, ಬಿಡಮ್ಮ.’

ಆ ಹಾಲೇ ತಂಟೆ ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಮಕ್ಕಳ ಡಾಕ್ಟರ್ ಹತ್ತಿರ ಹೋದಾಗ ಅವರು ಮೊದಲು ತಾಯಿ ಕಾರ್ಡ್ ಕೇಳಿದರು. ತೂಕದ ಗೆರೆ ನೋಡಿ, ಸರಿಯಾಗೇ ಇದೆಯಲ್ಲ ಅಂದರು. ಮೊದಲ ವರ್ಷದಲ್ಲಿ ಮಗು ಹುಟ್ಟಿದ ತೂಕದ ಮೂರು ಪಟ್ಟಾಗುತ್ತದೆ, ಎರಡನೇ ವರ್ಷ ಬರೀ 2-2.5 ಕೆಜಿ ಅಷ್ಟೇ ಹೆಚ್ಚೋದು, ಬೆಳವಣಿಗೆ ನಿಧಾನವಾದ ಮೇಲೆ ಹಸಿವೂ ಕಡಿಮೆಯಾಗುತ್ತೆ ಅಲ್ವಾ ಅಂತ ವಿವರಿಸಿದರು. ಆಮೇಲೆ ಹಾಲು ಎಷ್ಟು ಅಂತ ಕೇಳಿದರು. ‘ಮೂರು ಲೋಟ ಇರಬಹುದು’ ಅಂದೆ. ಅಂದಾಜು ಬೇಡ, ಮೂರು ದಿನ ಬರೆದಿಟ್ಟು ತನ್ನಿ ಅಂದರು.

ಕ್ಯಾಲೆಂಡರ್ ಹಾಳೆಯ ಹಿಂದೆ ಬರೆಯುತ್ತಾ ಹೋದೆ. ರಾತ್ರಿ ನಿದ್ದೆಗಣ್ಣಲ್ಲಿ ಕೊಡುತ್ತಿದ್ದ ಎರಡು ಬಾಟಲಿ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಕೂಡಿದರೆ ದಿನಕ್ಕೆ 950 ಮಿಲಿ! ಜೊತೆಗೆ ಐದಾರು ಬಿಸ್ಕತ್ತು. ಹಸುವಿನ ಹಾಲಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸಾಲದ್ದಕ್ಕೆ ಬೇರೆ ಊಟದಿಂದ ಸಿಗೋ ಕಬ್ಬಿಣ ಮೈಗೆ ಹತ್ತೋದಕ್ಕೂ ಅದು ಅಡ್ಡಿ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.1. ಕಬ್ಬಿಣದ ಡ್ರಾಪ್ಸ್ ಬರೆದುಕೊಟ್ಟರು, ಹಾಲಿನ ಜೊತೆ ಮಾತ್ರ ಕೊಡಬೇಡಿ ಅಂದರು. ಅದು ಶುರುವಾದ ಮೇಲೆ ಕಕ್ಕ ಕಪ್ಪಗೆ ಬರುತ್ತೆ ಅಂತ ನನಗೆ ಹೇಳಿದ್ದರು, ನಾನು ಅತ್ತೆಗೆ ಹೇಳೋದು ಮರೆತಿದ್ದೆ. ಆ ಬೆಳಗ್ಗೆ ಅವರು ಕೂಗಿದ್ದು ಕೆಳಗಿನ ಮನೆಗೂ ಕೇಳಿರಬೇಕು.

ಹಾಲು 400 ಮಿಲಿಗೆ ಇಳಿಸಬೇಕಿತ್ತು. ಹಗಲಿನದು ಕಷ್ಟವಾಗಲಿಲ್ಲ, ಬಾಟಲಿ ಬಿಡಿಸಿ ಸಣ್ಣ ಸ್ಟೀಲ್ ಲೋಟದಲ್ಲಿ ಕೊಟ್ಟೆ, ಅರ್ಧ ಚೆಲ್ಲಿ ಅರ್ಧ ಕುಡಿದಳು. ರಾತ್ರಿಯದಕ್ಕೆ ಎಂಟು ದಿನ ಬೇಕಾಯಿತು: ಎರಡು ದಿನಕ್ಕೊಮ್ಮೆ 30 ಮಿಲಿ ಕಡಿಮೆ ಮಾಡುತ್ತಾ ಬಂದು ಕೊನೆಗೆ ನೀರಿಗೆ ನಿಲ್ಲಿಸಿದೆ.

ಊಟದ ಕ್ರಮವನ್ನೂ ಬದಲಿಸಿದೆವು. ಎಲ್ಲರೂ ಒಟ್ಟಿಗೆ ಚಾಪೆ ಮೇಲೆ ಕೂರೋದು, ಮೊಬೈಲ್ ಇಲ್ಲ, ಕಾಗೆ ಇಲ್ಲ, ಅವಳಿಗೂ ಒಂದು ತಟ್ಟೆ, ಅದರಲ್ಲಿ ನಾವು ತಿನ್ನೋದನ್ನೇ ಖಾರ ಕಡಿಮೆ ಮಾಡಿ ಒಂದೊಂದು ಚಮಚ. ತಿಂದರೆ ತಿನ್ನಲಿ, ಇಲ್ಲವಾದರೆ 20 ನಿಮಿಷಕ್ಕೆ ತಟ್ಟೆ ಎತ್ತೋದು. ಬೈಗುಳವೂ ಇಲ್ಲ, ಮುದ್ದೂ ಇಲ್ಲ. ಮುಂದಿನ ಊಟದವರೆಗೆ ನೀರು ಬಿಟ್ಟು ಬೇರೇನೂ ಇಲ್ಲ. ಕೇಳೋಕೆ ಸುಲಭ. ಮೊದಲ ನಾಲ್ಕು ದಿನ ಮಧ್ಯಾಹ್ನ ಅವಳು ತಿಂದಿದ್ದು ನಾಲ್ಕು ಅಗುಳು. ಅತ್ತೆ ತಡೆಯಲ್ಲ ಅಂದುಕೊಂಡಿದ್ದೆ, ಆದರೆ ಸೋತಿದ್ದು ನಾನು. ಐದನೇ ದಿನ ಅಡುಗೆಮನೆ ಬಾಗಿಲ ಹಿಂದೆ ಕೂತು ಕದ್ದು ಹಾಲು ಕುಡಿಸಿದೆ. ಅತ್ತೆ ನೋಡಿ ಏನೂ ಅನ್ನಲಿಲ್ಲ, ಲೋಟ ಮಾತ್ರ ತೊಳೆದಿಟ್ಟರು.

ಎರಡನೇ ವಾರ ಮುದ್ದೆಗೆ ಕೈ ಹಾಕಿದಳು. ತುಪ್ಪ ಸವರಿ ಗೋಲಿಯಷ್ಟು ಉಂಡೆ ಮಾಡಿ ಬಸ್ಸಾರಿನ ಪಕ್ಕ ಇಟ್ಟಿದ್ದೆ. ಒಂದನ್ನು ಅಜ್ಜನ ತಟ್ಟೆಗೆ ಹಾಕಿದಳು, ಒಂದನ್ನು ನೆಲಕ್ಕೆ ಒತ್ತಿ ಚಪ್ಪಟೆ ಮಾಡಿದಳು, ಮೂರನೆಯದನ್ನು ಸಾರಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು. ನಾವು ನಾಲ್ಕೂ ಜನ ನೋಡದವರ ಥರ ಉಣ್ಣುತ್ತಾ ಕೂತಿದ್ದೆವು. ನಮ್ಮನೆಯವರು ಚಪ್ಪಾಳೆ ಹೊಡೆಯೋಕೆ ಹೋದರು, ತೊಡೆಗೆ ಚಿವುಟಿದೆ.

ಸೊಪ್ಪಿನದು ಬೇರೆ ಕಥೆ. ಅಕ್ಕಿ ರೊಟ್ಟಿಗೆ ಸಬ್ಬಸಿಗೆ ಹಾಕಿದರೆ ಒಂದೊಂದೇ ಎಳೆ ಕಿತ್ತು ಚಾಪೆ ಅಂಚಿನಲ್ಲಿ ಸಾಲಾಗಿ ಜೋಡಿಸೋಳು, ಮುಗಿದ ಮೇಲೆ ತೂತು ತೂತಾದ ರೊಟ್ಟಿ ತಿನ್ನೋಳು. ಹೊಸ ರುಚಿ ಒಪ್ಪೋಕೆ ಮಕ್ಕಳಿಗೆ ಹತ್ತು ಹದಿನೈದು ಸಲ ಬೇಕಾಗಬಹುದು ಅಂತ ಡಾಕ್ಟರ್ ಹೇಳಿದ್ದರಿಂದ ಸುಮ್ನೆ ಎಣಿಸುತ್ತಾ ಹೋದೆ. 13ನೇ ಸಲ ಸಾಲು ಜೋಡಿಸೋದು ಮರೆತು ತಿಂದುಬಿಟ್ಟಳು. ಮುಚ್ಚಿಟ್ಟು ತಿನ್ನಿಸೋದು ಮಾತ್ರ ನಮ್ಮಲ್ಲಿ ನಡೆಯಲಿಲ್ಲ. ಇಡ್ಲಿ ಹಿಟ್ಟಿಗೆ ಬೀಟ್‌ರೂಟ್ ತುರಿದು ಹಾಕಿದ್ದಕ್ಕೆ ಎರಡು ವಾರ ಬಿಳಿ ಇಡ್ಲಿಯನ್ನೂ ಮುಟ್ಟಲಿಲ್ಲ.

ಹಾಗಂತ ಎಲ್ಲರ ಮನೆಯಲ್ಲೂ ಇದೇ ಆಗುತ್ತೆ ಅಂತಲ್ಲ. ತೂಕ ಇಳಿದರೆ, ನುಂಗುವಾಗ ಕೆಮ್ಮಿ ಉಸಿರುಗಟ್ಟಿದರೆ, ಮೊದಲು ತಿನ್ನುತ್ತಿದ್ದನ್ನೂ ಒಂದೊಂದಾಗಿ ಬಿಡುತ್ತಾ ಬಂದರೆ ಕಾಯಬೇಡಿ, ತಕ್ಷಣ ಬನ್ನಿ ಅಂತ ಡಾಕ್ಟರ್ ನಮಗೂ ಹೇಳಿದ್ದರು. ಇನ್ನೊಂದು, ಇಡೀ ಕಡಲೆಬೀಜ ಈಗಲೂ ಕೊಡಲ್ಲ, ಗಂಟಲಿಗೆ ಸಿಕ್ಕಿಕೊಳ್ಳುವ ಭಯ. ಪುಡಿ ಮಾಡಿ ಅನ್ನಕ್ಕೆ ಕಲಸುತ್ತೇನೆ.

ನಾಲ್ಕು ತಿಂಗಳಾದ ಮೇಲೆ ಹಿಮೋಗ್ಲೋಬಿನ್ 11.6ಕ್ಕೆ ಬಂತು. ಈಗ ಅವಳಿಗೆ ಮೂರು ವರ್ಷ, ಹಾಲು ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಬದನೆಕಾಯಿ ಇನ್ನೂ ಮುಟ್ಟಿಲ್ಲ. ಅವಳ ತಟ್ಟೆಗೆ ಒಂದು ಹೋಳು ಹಾಕುವಾಗ ಅವರಪ್ಪನ ತಟ್ಟೆಗೂ ಒಂದು ಹಾಕುತ್ತೇನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಪಕ್ಕಕ್ಕೆ ತಳ್ಳುತ್ತಾರೆ.